ಸತ್ತ ಕರ್ನಲ್ ಬಿಟ್ಟುಹೋದ ಮನೆ

ಮೈಸೂರಿನ ಸಿದ್ಧಾರ್ಥನಗರದಲ್ಲಿ ಬಾಡಿಗೆ ಮನೆ ಕೈ ಬದಲಾಗುವುದು ಸುದ್ದಿಯೇ ಅಲ್ಲ. 1961ರಲ್ಲಿ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಇರುವುದು ಇಲ್ಲೇ. ವರ್ಗವಾಗಿ ಬರುವವರು, ವರ್ಗವಾಗಿ ಹೋಗುವವರು ಈ ಬಡಾವಣೆಗೆ ಹೊಸಬರಲ್ಲ. ಹೋಗುವವರು ಗ್ಯಾಸಿನ ರೆಗ್ಯುಲೇಟರ್ ತಿರುಗಿಸುತ್ತಾರೆ, ಸಂಪಿನ ಮೋಟಾರ್ ಆಫ್ ಮಾಡುತ್ತಾರೆ, ನಲ್ಲಿಗಳನ್ನು ಬಿಗಿಯುತ್ತಾರೆ, ಮೇನ್ ಸ್ವಿಚ್ ಇಳಿಸಿ ಬೀಗದಕೈಯನ್ನು ಮಾಲೀಕರ ಕೈಗಿಡುತ್ತಾರೆ. ಬರುವವರು ಹಾಲುಕ್ಕಿಸಿ ಒಳಗೆ ಹೋಗುತ್ತಾರೆ. ಮನೆ ತಣ್ಣಗಿದೆ ಎಂಬ ನಂಬಿಕೆಯ ಮೇಲೆ ಈ ವ್ಯವಹಾರವೆಲ್ಲ ನಿಂತಿದೆ.

ಹಿಂದಿನವರು ಹಾಗೆ ಹೋಗದೆ, ನಡುರಾತ್ರಿ ಎದೆ ಹಿಡಿದುಕೊಂಡು ಕುಸಿದಿದ್ದರೆ? ಮೋಟಾರ್ ಓಡುತ್ತಲೇ ಇದೆ, ಮೇಲಿನ ಟ್ಯಾಂಕ್ ತುಂಬಿ ಗೋಡೆಯ ಮೇಲೆ ನೀರು ಹರಿಯುತ್ತಿದೆ. ಒಲೆ ಉರಿಯುತ್ತಿದೆ. ಹೊರಗೆ ಯಾರೋ ಬಾಗಿಲ ಗಂಟೆ ಒತ್ತಿದ ಬೆರಳನ್ನು ತೆಗೆದೇ ಇಲ್ಲ. ಅಂಥ ಮನೆಗೆ ಹೊಸಬನೊಬ್ಬ ಕತ್ತಲಲ್ಲಿ ಕಾಲಿಡಬೇಕು. ಸ್ವಿಚ್ ಎಲ್ಲಿದೆ ಎಂಬುದೂ ಅವನಿಗೆ ಇನ್ನೂ ಗೊತ್ತಿಲ್ಲ.

ಕಂಪ್ಯೂಟರನ್ನು ಒಳಗಿನಿಂದ ನಡೆಸುವ ತಂತ್ರಾಂಶವಾದ ಲಿನಕ್ಸ್ ಕರ್ನಲ್‌ನ ಚರಿತ್ರೆಯಲ್ಲಿ ಈ ಪ್ರಸಂಗ ನಿಜವಾಗಿ ನಡೆದಿದೆ. ಅದರ ಬಹುಪಾಲು ಕೆಲಸ ನಡೆದದ್ದು ಮೈಸೂರಿನಿಂದ ನೂರೈವತ್ತು ಕಿಲೋಮೀಟರ್‌ಗೂ ಕಡಿಮೆ ದೂರದ ಬೆಂಗಳೂರಿನಲ್ಲಿ, 2003ರಿಂದ 2007ರ ನಡುವೆ, ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಒಂದು ಚಿಕ್ಕ ತಂಡದಿಂದ. ಅವರು ಕಟ್ಟಿದ್ದಕ್ಕೆ ಕೆಡಂಪ್ ಎಂದು ಹೆಸರು.

ಮೊದಲು, ಕಂಪ್ಯೂಟರ್ ಆನ್ ಮಾಡಿದಾಗ ಏನಾಗುತ್ತದೆ ಎಂಬುದನ್ನು ನೋಡಬೇಕು. ಗುಂಡಿ ಒತ್ತಿದಾಕ್ಷಣ ಏಳುವುದು ಲಿನಕ್ಸ್ ಅಲ್ಲ, ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯೋಸ್ ಎನ್ನುತ್ತಿದ್ದರು. ವಿದ್ಯುತ್ ಹರಿದ ಕ್ಷಣದಲ್ಲೇ ಡಿಸ್ಕ್ ಕಂಟ್ರೋಲರ್, ನೆಟ್‌ವರ್ಕ್ ಕಾರ್ಡ್, ಟೈಮರ್ ಎಲ್ಲಕ್ಕೂ ರಿಸೆಟ್ ಸಿಗುತ್ತದೆ. ಫರ್ಮ್‌ವೇರ್ ಅವನ್ನು ಒಂದೊಂದಾಗಿ ಎಬ್ಬಿಸಿ, ಬೇಕಾದ್ದನ್ನು ಬಳಸಿ, ಮತ್ತೆ ಸುಮ್ಮನಾಗಿಸಿ ಕರ್ನಲ್ ಕೈಗೆ ಯಂತ್ರವನ್ನು ಒಪ್ಪಿಸುತ್ತದೆ. ಕರ್ನಲ್ ತನ್ನ ಮೊದಲ ಕೆಲವು ಸೆಕೆಂಡುಗಳಲ್ಲಿ ಮೆಮೊರಿಯ ಲೆಕ್ಕ ಹಾಕುತ್ತದೆ, ಗಡಿಯಾರ ಹೊಂದಿಸುತ್ತದೆ, ಆಮೇಲೆ ಒಂದೊಂದು ಸಾಧನಕ್ಕೂ ಒಬ್ಬೊಬ್ಬ ಡ್ರೈವರ್‌ನನ್ನು ಕಳಿಸುತ್ತದೆ. ಡ್ರೈವರ್ ಬರೆದವರು ಸಾಮಾನ್ಯವಾಗಿ ಒಂದೇ ಒಂದು ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ: ಸಾಧನ ಈಗಷ್ಟೇ ರಿಸೆಟ್ ಆಗಿದೆ, ಅದರ ತಲೆಯಲ್ಲಿ ಹಳೆಯ ನೆನಪು ಯಾವುದೂ ಇಲ್ಲ. ನೂರಕ್ಕೆ ತೊಂಬತ್ತೊಂಬತ್ತು ಸಲ ಈ ಊಹೆ ಸರಿ. ಹಾಗಾಗಿಯೇ ಅದನ್ನು ಯಾರೂ ಪರೀಕ್ಷಿಸಿರಲಿಲ್ಲ.

ಈ ಊಹೆಯನ್ನು ಮೊದಲು ಗಂಭೀರವಾಗಿ ಅಲುಗಾಡಿಸಿದವರು ಅಮೆರಿಕದ ಎರಿಕ್ ಬೀಡರ್‌ಮನ್. ಲಿನಕ್ಸ್ ನೆಟ್‌ವರ್ಕ್ಸ್ ಎಂಬ ಕ್ಲಸ್ಟರ್ ಕಂಪನಿಯಲ್ಲಿದ್ದ ಅವರಿಗೆ ದೊಡ್ಡ ಸರ್ವರ್‌ಗಳನ್ನು ರೀಬೂಟ್ ಮಾಡುವುದೇ ತಲೆನೋವಾಗಿತ್ತು. ಫರ್ಮ್‌ವೇರ್ ಮೆಮೊರಿಯನ್ನೆಲ್ಲ ಪರೀಕ್ಷಿಸಿ, ಕಾರ್ಡುಗಳನ್ನೆಲ್ಲ ಹುಡುಕಿ ಮುಗಿಸಲು ನಿಮಿಷಗಟ್ಟಲೆ ಬೇಕು. ಓಡುತ್ತಿರುವ ಕರ್ನಲ್ಲೇ ಇನ್ನೊಂದು ಕರ್ನಲ್ ಅನ್ನು ಮೆಮೊರಿಗೆ ತಂದಿಟ್ಟು ನೇರವಾಗಿ ಅದಕ್ಕೆ ಹಾರಿಬಿಟ್ಟರೆ ಫರ್ಮ್‌ವೇರ್‌ನ ಹಂಗೇ ಇಲ್ಲವಲ್ಲ! 2002ರ ಹೊತ್ತಿಗೆ ಅವರು ಮಂಡಿಸಿದ ಈ ಉಪಾಯಕ್ಕೆ ಕೆಎಕ್ಸೆಕ್ ಎಂದು ಹೆಸರಾಯಿತು. ಇದರಲ್ಲಿ ಹೋಗುವ ಕರ್ನಲ್ ಮರ್ಯಾದಸ್ಥ ಬಾಡಿಗೆದಾರನಂತೆ ಹೊರಡುತ್ತದೆ. ಪ್ರತಿಯೊಂದು ಡ್ರೈವರ್‌ಗೂ ಕೆಲಸ ನಿಲ್ಲಿಸುವ ಆದೇಶ ಹೋಗುತ್ತದೆ, ಸಾಧನಗಳು ಸುಮ್ಮನಾಗುತ್ತವೆ, ಆಮೇಲೆ ಹಾರುವ ಕೆಲಸ.

ಬೆಂಗಳೂರಿನ ತಂಡಕ್ಕೆ ಬೇಕಾಗಿದ್ದದ್ದು ಬೇರೆ. 1999ರಲ್ಲಿ ಹುಟ್ಟಿದ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಕೆಲಸ ಲಿನಕ್ಸನ್ನು ದೊಡ್ಡ ಗಿರಾಕಿಗಳ ಸರ್ವರ್ ಕೋಣೆಗೆ ತಕ್ಕಂತೆ ಗಟ್ಟಿಮಾಡುವುದು. ಲಿನಕ್ಸ್‌ಗಾಗಿ 2001ರಲ್ಲಿ ನೂರು ಕೋಟಿ ಡಾಲರ್ ಹೂಡುವುದಾಗಿ ಐಬಿಎಂ ಸಾರಿದ ಮೇಲಂತೂ ಆ ಕೆಲಸಕ್ಕೆ ಅವಸರ ಬಂತು. ಬ್ಯಾಂಕು, ಟೆಲಿಫೋನ್ ಕಂಪನಿಗಳ ಸರ್ವರ್ ನಡುವೆ ಕುಸಿದು ಬಿದ್ದರೆ ಗಿರಾಕಿ ಕೇಳುವ ಮೊದಲ ಪ್ರಶ್ನೆ, ಯಾಕೆ? ಉತ್ತರ ಇರುವುದು ಬಿದ್ದ ಕ್ಷಣದ ಮೆಮೊರಿಯಲ್ಲಿ. ಅದನ್ನು ಹಾಗೆಯೇ ಎತ್ತಿ ಡಿಸ್ಕಿಗೆ ಬರೆದುಕೊಂಡರೆ ಆಮೇಲೆ ಕೂತು ನೋಡಬಹುದು. ಪೊಲೀಸರು ಸ್ಥಳ ಮಹಜರು ಮಾಡುವ ಹಾಗೆ. ಹಳೆಯ ಯೂನಿಕ್ಸ್‌ಗಳಲ್ಲಿ ಈ ಸೌಲಭ್ಯ ಎಂದೋ ಬಂದಿತ್ತು. ಲಿನಕ್ಸ್‌ನ ಮುಖ್ಯ ಕರ್ನಲ್‌ನಲ್ಲಿ ಇರಲಿಲ್ಲ.

ಪ್ರಯತ್ನಗಳು ಇರಲಿಲ್ಲವೆಂದಲ್ಲ. ಎಸ್‌ಜಿಐ ಕಂಪನಿ 1999ರಲ್ಲಿ ಎಲ್‌ಕೆಸಿಡಿ ಎಂಬುದನ್ನು ತಂದಿತ್ತು. ರೆಡ್‌ಹ್ಯಾಟ್ ನೆಟ್‌ಡಂಪ್ ಎಂಬುದನ್ನು ಮಾಡಿಕೊಂಡಿತ್ತು, ಡಿಸ್ಕ್‌ಡಂಪ್ ಆಮೇಲೆ ಬಂತು. ಎಲ್ಲಕ್ಕೂ ಒಂದೇ ರೋಗ. ಮಹಜರು ಬರೆಯುವ ಕೆಲಸವನ್ನು ಅವು ಕುಸಿದುಬಿದ್ದ ಕರ್ನಲ್‌ನಿಂದಲೇ ಮಾಡಿಸುತ್ತಿದ್ದವು. ತಪ್ಪು ನಡೆದದ್ದೇ ಡಿಸ್ಕ್ ಡ್ರೈವರ್‌ನಲ್ಲಾದರೆ? ಯಾವ ಬೀಗವನ್ನು ಯಾರು ಹಿಡಿದುಕೊಂಡು ಸತ್ತಿದ್ದಾರೋ ಗೊತ್ತಿಲ್ಲದಾಗ, ಕೆಟ್ಟುಹೋದ ಪಾಯಿಂಟರ್ ಹಿಡಿದುಕೊಂಡು ಡಿಸ್ಕಿಗೆ ಬರೆಯ ಹೊರಟರೆ ಗಿರಾಕಿಯ ದತ್ತಾಂಶದ ಮೇಲೆಯೇ ಬರೆದುಬಿಡಬಹುದು. 2002ರ ಅಕ್ಟೋಬರಿನಲ್ಲಿ ಎಲ್‌ಕೆಸಿಡಿಯನ್ನು ಮುಖ್ಯ ಕರ್ನಲ್‌ಗೆ ಸೇರಿಸಿಕೊಳ್ಳಿ ಎಂದು ಕೇಳಿದಾಗ ಲಿನಕ್ಸ್‌ನ ಕರ್ತೃ ಲೈನಸ್ ಟೋರ್ವಾಲ್ಡ್ಸ್ ಒಪ್ಪಲಿಲ್ಲ. ಇದು ಮಾರಾಟಗಾರ ಕಂಪನಿಗಳಿಗೆ ಬೇಕಾದ ಸಂಗತಿ, ಉಪಯೋಗ ಅವರೇ ತೋರಿಸಲಿ ಎಂಬುದು ಅವರ ನಿಲುವು. ಆ ದಿನ ಎಲ್‌ಕೆಸಿಡಿ ಗುಂಪಿಗೆ ಅದು ಒರಟು ಅನ್ನಿಸಿರಬಹುದು. ಆದರೆ ಆ ನಿರಾಕರಣೆಯಿಂದಲೇ ಒಳ್ಳೆಯ ದಾರಿ ಹುಡುಕುವುದು ಅನಿವಾರ್ಯವಾಯಿತು.

ಬೆಂಗಳೂರಿನಲ್ಲಿ ಎಲ್‌ಕೆಸಿಡಿ ಮೇಲೆ ಕೆಲಸ ಮಾಡಿದ್ದವರಲ್ಲಿ ಸುಪರ್ಣಾ ಭಟ್ಟಾಚಾರ್ಯ ಒಬ್ಬರು. ಸತ್ತ ಕರ್ನಲ್‌ನ ಕೈಯಲ್ಲಿ ಏನನ್ನೂ ಮಾಡಿಸದೆ, ಕೆಎಕ್ಸೆಕ್‌ನಿಂದ ಎರಡನೆಯ ಕರ್ನಲ್ ಒಂದನ್ನು ಎಬ್ಬಿಸಿ ಅದರಿಂದ ಮಹಜರು ಬರೆಸುವ ಯೋಚನೆ ಅಲ್ಲಿ ಬೆಳೆಯಿತು. ಮಿಷನ್ ಕ್ರಿಟಿಕಲ್ ಲಿನಕ್ಸ್ ಎಂಬ ಕಂಪನಿಯ ಎಂಕೋರ್ ಇಂಥದ್ದೇ ಹಾದಿಯನ್ನು ಮೊದಲೇ ತುಳಿದಿತ್ತು. 2004ರಲ್ಲಿ ಹರಿಪ್ರಸಾದ್ ನೆಲ್ಲಿತೀರ್ಥ ಅವರು ಕೆಎಕ್ಸೆಕ್ ಆಧಾರಿತ ಡಂಪ್‌ನ ಪ್ಯಾಚ್‌ಗಳನ್ನು ಕರ್ನಲ್ ಸಮುದಾಯದ ಮುಂದಿಟ್ಟರು. ಅವು, ಹೊಸ ಪ್ಯಾಚ್‌ಗಳನ್ನು ಮೊದಲು ಪರೀಕ್ಷೆಗೆ ಒಡ್ಡುವ ಆಂಡ್ರ್ಯೂ ಮಾರ್ಟನ್ ಅವರ ಪ್ರಯೋಗಶಾಖೆಗೆ ಸೇರಿದವು. ವಿವೇಕ್ ಗೋಯಲ್, ಮನೀಶ್ ಸೋನಿ ಮೊದಲಾದವರು ಜೊತೆಗೂಡಿದರು.

ಇಲ್ಲಿ ಒಂದು ಮಾತು ಅಡ್ಡ ಬರುತ್ತದೆ, ಬರಲಿ. ಲಿನಕ್ಸ್ ಕರ್ನಲ್‌ನ ಮೂಲಗ್ರಂಥದಲ್ಲಿ ಊರ ಹೆಸರು ಹುಡುಕುವ ಚಪಲ ಕನ್ನಡಿಗರಿಗಿದ್ದರೆ ನಿರಾಸೆಯಾಗದು. ನೆಲ್ಲಿತೀರ್ಥ ಎಂದರೆ ದಕ್ಷಿಣ ಕನ್ನಡದವರಿಗೆ ಗುಹಾಲಯ ನೆನಪಾಗುತ್ತದೆ. ಓಡುತ್ತಿರುವ ಕರ್ನಲ್‌ನ ಒಳಗೆ ತನಿಖೆಯ ಕೊಕ್ಕೆ ಹಾಕುವ ಕೆಪ್ರೋಬ್ಸ್ ಎಂಬ ಸೌಲಭ್ಯವನ್ನು ನೋಡಿಕೊಳ್ಳುವವರ ಪಟ್ಟಿಯಲ್ಲಿ, ಇದೇ ಬೆಂಗಳೂರು ಕೇಂದ್ರದ ಅನಂತ್ ಮಾವಿನಕಾಯನಹಳ್ಳಿ ಅವರ ಹೆಸರು ಬಹುಕಾಲ ಇತ್ತು. ಫಿನ್ಲೆಂಡಿನಲ್ಲಿ ಹುಟ್ಟಿದ ಕರ್ನಲ್‌ನಲ್ಲಿ ಮಾವಿನಕಾಯಿ!

ಮತ್ತೆ ವಿಷಯಕ್ಕೆ. ಎರಡನೆಯ ಕರ್ನಲ್ ಎಬ್ಬಿಸುವುದೇನೋ ಸರಿ, ಎಲ್ಲಿ ಎಬ್ಬಿಸುವುದು? ಮೊದಲ ರೂಪದಲ್ಲಿ ಅದು ಮಾಮೂಲಿ ಜಾಗದಲ್ಲೇ ಏಳುತ್ತಿತ್ತು. ಅಲ್ಲಿದ್ದ ಹಳೆಯ ಮೆಮೊರಿಯನ್ನು ಮೊದಲೇ ಬೇರೆಡೆಗೆ ನಕಲು ಮಾಡಿಟ್ಟುಕೊಳ್ಳುತ್ತಿತ್ತು. ಬೀಡರ್‌ಮನ್ ತಕರಾರು ತೆಗೆದದ್ದು ಇಲ್ಲೇ, ಮತ್ತು ಇಡೀ ಕಥೆಯ ತಿರುಳು ಆ ತಕರಾರು.

ಆಧುನಿಕ ನೆಟ್‌ವರ್ಕ್ ಕಾರ್ಡ್ ಅಥವಾ ಡಿಸ್ಕ್ ಕಂಟ್ರೋಲರ್ ಪ್ರತಿ ಅಕ್ಷರಕ್ಕೂ ಪ್ರೊಸೆಸರ್‌ನ ಅನುಮತಿ ಕೇಳುವುದಿಲ್ಲ. ಮೆಮೊರಿಯ ಇಂಥ ವಿಳಾಸದಲ್ಲಿ ಜಾಗ ಇದೆ, ಪ್ಯಾಕೆಟ್ ಬಂದ ಹಾಗೆ ತುಂಬಿಸುತ್ತಾ ಹೋಗು ಎಂದು ಡ್ರೈವರ್ ಒಮ್ಮೆ ಹೇಳಿಬಿಟ್ಟರೆ ಮುಗಿಯಿತು, ಕಾರ್ಡೇ ನೇರವಾಗಿ ಮೆಮೊರಿಗೆ ಬರೆಯುತ್ತದೆ. ಇದಕ್ಕೆ ಡಿಎಂಎ ಎನ್ನುತ್ತಾರೆ. ಕರ್ನಲ್ ಸತ್ತ ಸುದ್ದಿ ಕಾರ್ಡಿಗೆ ತಿಳಿಯದು. ತಂತಿಯಲ್ಲಿ ಪ್ಯಾಕೆಟ್ ಬರುತ್ತಿರುವ ತನಕ ಅದು ಹಳೆಯ ವಿಳಾಸಕ್ಕೆ ಬರೆಯುತ್ತಲೇ ಇರುತ್ತದೆ. ಆ ಜಾಗದಲ್ಲಿ ಹೊಸ ಕರ್ನಲ್ ಬಂದು ಕೂತಿದ್ದರೆ ಯಾರದೋ ಪ್ಯಾಕೆಟ್ ಅದರ ತಲೆಯ ಮೇಲೆ ಬೀಳುತ್ತದೆ. ಸಾಧನಗಳನ್ನು ಮೊದಲು ಸುಮ್ಮನಾಗಿಸಿ ಎನ್ನೋಣವೆಂದರೆ, ಸುಮ್ಮನಾಗಿಸುವ ಕೋಡ್ ಇರುವುದು ಸತ್ತ ಕರ್ನಲ್‌ನ ಡ್ರೈವರ್‌ಗಳಲ್ಲಿ. ಅದನ್ನೇ ನಂಬಬಾರದೆಂದು ಹೊರಟಿದ್ದಲ್ಲವೇ?

ಸಿಕ್ಕ ಉತ್ತರ ಬಲು ಸರಳ. ಯಾರನ್ನೂ ಸುಮ್ಮನಾಗಿಸುವುದು ಬೇಡ. ಯಂತ್ರ ಆರೋಗ್ಯವಾಗಿ ಬೂಟ್ ಆಗುವಾಗಲೇ ಮೆಮೊರಿಯ ಒಂದು ತುಂಡನ್ನು ಬೇಲಿ ಹಾಕಿ ಮೀಸಲಿಟ್ಟುಬಿಡಬೇಕು. ಮೊದಲ ಕರ್ನಲ್ ಅದನ್ನು ಯಾವ ಕೆಲಸಕ್ಕೂ ಮುಟ್ಟುವುದಿಲ್ಲ. ಹಾಗಾಗಿ ಯಾವ ಸಾಧನಕ್ಕೂ ಆ ವಿಳಾಸವನ್ನು ಕೊಟ್ಟಿರುವುದೇ ಇಲ್ಲ. ವಿಳಾಸ ಗೊತ್ತಿಲ್ಲದವರು ಅಲ್ಲಿಗೆ ಬರೆಯುವುದು ಹೇಗೆ? ಹೊಸ ಕರ್ನಲ್ ತನ್ನ ಬೇಲಿಯೊಳಗೇ ಎದ್ದು, ಅಲ್ಲೇ ಓಡುತ್ತದೆ. ಹೊರಗೆ ಮಳೆಯೋ ಬೆಂಕಿಯೋ ಆಗುತ್ತಿರಲಿ.

ಬೂಟ್ ಸಾಲಿನಲ್ಲಿ ಇದನ್ನು ಹೇಳುವ ರೀತಿ ಆಗ ಹೀಗಿತ್ತು: ‘ಕ್ರ್ಯಾಶ್‌ಕರ್ನಲ್=64ಎಂ@16ಎಂ’. ಅಂದರೆ ಹದಿನಾರನೇ ಮೆಗಾಬೈಟಿನಿಂದ ಆಚೆಗೆ ಅರವತ್ತನಾಲ್ಕು ಮೆಗಾಬೈಟ್ ಮೀಸಲು. 1 ಜಿಬಿ ಮೆಮೊರಿಯ ಸರ್ವರ್‌ನಲ್ಲಿ ಹದಿನಾರನೇ ಒಂದು ಪಾಲು, ಎಂದೋ ಬರಬಹುದಾದ ಸಾವಿಗಾಗಿ ಖಾಲಿ ಬಿದ್ದಿರಬೇಕು. ದುಬಾರಿಯೇ. ಅಲ್ಲದೆ ಮಾಮೂಲಿ ಕರ್ನಲ್ ತನ್ನ ಮಾಮೂಲಿ ವಿಳಾಸ ಬಿಟ್ಟು ಬೇರೆಡೆ ಏಳುತ್ತಿರಲಿಲ್ಲವಾಗಿ, 16ನೇ ಮೆಗಾಬೈಟಿನಲ್ಲಿ ಏಳುವಂತೆ ಪ್ರತ್ಯೇಕವಾಗಿ ಕಂಪೈಲ್ ಮಾಡಿದ ಇನ್ನೊಂದು ಕರ್ನಲ್ ಇಟ್ಟುಕೊಳ್ಳಬೇಕಿತ್ತು. ಈ ಎರಡು ಒಲೆಯ ಸಂಸಾರ ತಪ್ಪಿದ್ದು 2007ರ ಫೆಬ್ರವರಿಯಲ್ಲಿ ಬಂದ 2.6.20 ಆವೃತ್ತಿಯಲ್ಲಿ. ಕೂತಲ್ಲೇ ಓಡಬಲ್ಲ, ಸ್ಥಳಾಂತರಿಸಬಹುದಾದ 32 ಬಿಟ್ ಕರ್ನಲ್ ಅದರಲ್ಲಿ ಬಂತು. ಆ ಕೆಲಸದಲ್ಲೂ ಬೀಡರ್‌ಮನ್, ಗೋಯಲ್ ಇಬ್ಬರ ಕೈಯಿದೆ.

2005ರ ಜುಲೈನಲ್ಲಿ ಕೆನಡಾದ ಒಟ್ಟಾವಾ ಲಿನಕ್ಸ್ ಸಮ್ಮೇಳನಕ್ಕೆ ಗೋಯಲ್, ಬೀಡರ್‌ಮನ್, ನೆಲ್ಲಿತೀರ್ಥ ಮೂವರ ಹೆಸರಿನಲ್ಲಿ ಕೆಡಂಪ್ ಕುರಿತ ಪ್ರಬಂಧ ಹೋಯಿತು. ಆಗಸ್ಟ್ ಕೊನೆಯಲ್ಲಿ ಬಿಡುಗಡೆಯಾದ 2.6.13 ಆವೃತ್ತಿಯಲ್ಲಿ ಕೆಎಕ್ಸೆಕ್, ಕೆಡಂಪ್ ಎರಡೂ ಮುಖ್ಯ ಕರ್ನಲ್‌ನ ಭಾಗವಾದವು. ಅದೇ ವರ್ಷ, 2001ರಿಂದ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ನಡೆಯುತ್ತಿದ್ದ, ಅತುಲ್ ಚಿಟ್ನಿಸ್ ಮುಂದೆ ನಿಂತು ಕಟ್ಟಿದ ಸಮ್ಮೇಳನ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡಿತು. ನಾವು ಬರೀ ಬಳಕೆದಾರರೋ, ಬರೆಯುವವರೂ ಹೌದೋ ಎಂಬ ಚರ್ಚೆ ಆ ದಿನಗಳಲ್ಲಿ ಬಿಸಿಯಾಗಿತ್ತು. ಅದೇ ಊರಿನ ಒಂದು ಕಚೇರಿಯಲ್ಲಿ ಉತ್ತರ ತಯಾರಾಗುತ್ತಿತ್ತು.

ಕುಸಿತದ ಆ ಕ್ಷಣವನ್ನು ಹತ್ತಿರದಿಂದ ನೋಡಬೇಕು.

ಯಾವುದೋ ಪ್ರೊಸೆಸರ್ ಕೆಟ್ಟ ವಿಳಾಸವೊಂದನ್ನು ಮುಟ್ಟಿತು, ಕರ್ನಲ್ ಪ್ಯಾನಿಕ್ ಆಯಿತು. ಮೊದಲ ಕೆಲಸ, ಉಳಿದ ಪ್ರೊಸೆಸರ್‌ಗಳನ್ನು ನಿಲ್ಲಿಸುವುದು. ಅವು ಕಿವಿ ಮುಚ್ಚಿಕೊಂಡು ಕೂತಿರಬಹುದು. ಅದಕ್ಕಾಗಿ ಎನ್‌ಎಂಐ ಎಂಬ, ಮುಚ್ಚಿದ ಕಿವಿಗೂ ಕೇಳುವ ಕೂಗು ಹಾಕಲಾಗುತ್ತದೆ. ಪ್ರತಿಯೊಂದೂ ತನ್ನ ರಿಜಿಸ್ಟರ್‌ಗಳನ್ನು ಬರೆದಿಟ್ಟು ಅಲ್ಲೇ ನಿಲ್ಲುತ್ತದೆ. ಇಂಟರಪ್ಟ್‌ಗಳನ್ನು ಹಂಚುವ ಐಒ ಎಪಿಕ್ ಚಿಪ್ಪನ್ನು ಹಳೆಯ ಸರಳ ರೀತಿಗೆ ಮರಳಿಸಬೇಕು. ಇಲ್ಲದಿದ್ದರೆ ಟೈಮರ್‌ನ ಟಿಕ್ ಹೊಸ ಕರ್ನಲ್‌ಗೆ ತಲುಪುವುದೇ ಇಲ್ಲ, ಅದು ತನ್ನ ವೇಗ ಅಳೆಯುವ ‘ಕ್ಯಾಲಿಬ್ರೇಟಿಂಗ್ ಡಿಲೇ ಲೂಪ್’ ಎಂಬ ಸಾಲಿನಲ್ಲೇ ಬರದ ಟಿಕ್‌ಗಾಗಿ ಕಾಯುತ್ತಾ ಕೂತುಬಿಡುತ್ತದೆ. ಸತ್ತ ಕರ್ನಲ್‌ನ ಕೈಯಲ್ಲಿ ಏನೂ ಮಾಡಿಸಬಾರದೆಂಬ ವ್ರತಕ್ಕೆ ಇದು ಸಣ್ಣ ಭಂಗ. ಬೇರೆ ದಾರಿ ಆಗ ಇರಲಿಲ್ಲ.

ಆಮೇಲೆ ನಿಯಂತ್ರಣ ಪರ್ಗೆಟರಿ ಎಂಬ ಪುಟ್ಟ ಕೋಡಿಗೆ ಹಾರುತ್ತದೆ. ಕ್ರೈಸ್ತರ ಕಲ್ಪನೆಯಲ್ಲಿ ಅದು ಸ್ವರ್ಗಕ್ಕೆ ಹೋಗುವ ಮುನ್ನ ಆತ್ಮಗಳು ಶುದ್ಧವಾಗುವ ಜಾಗ. ನಮ್ಮವರು ಬರೆದಿದ್ದರೆ ತ್ರಿಶಂಕು ಎನ್ನುತ್ತಿದ್ದರೇನೋ. ಆ ಹೊತ್ತಿನಲ್ಲಿ ಯಂತ್ರ ಹಳೆಯ ಕರ್ನಲ್‌ನದೂ ಅಲ್ಲ, ಹೊಸದರದೂ ಅಲ್ಲ. ತ್ರಿಶಂಕುವಿನ ಕೆಲಸ ಎರಡು. ಬೇಲಿಯೊಳಗಿಟ್ಟ ಹೊಸ ಕರ್ನಲ್ ಕೆಟ್ಟಿಲ್ಲವೆಂದು ಎಸ್‌ಎಚ್‌ಎ-256 ಮೊತ್ತ ಲೆಕ್ಕ ಹಾಕಿ ತಾಳೆ ನೋಡುವುದು ಒಂದು. ತಾಳೆಯಾಗದಿದ್ದರೆ ಮುಂದೆ ಹೋಗುವ ಮಾತೇ ಇಲ್ಲ, ಅಲ್ಲೇ ಕೊನೆಯಿಲ್ಲದ ಸುತ್ತು. ಮೆಮೊರಿಯ ಮೊದಲ 640 ಕಿಲೋಬೈಟನ್ನು ಬೇಲಿಯೊಳಕ್ಕೆ ನಕಲು ಮಾಡಿಕೊಳ್ಳುವುದು ಇನ್ನೊಂದು, ಏಕೆಂದರೆ ಇಂಟೆಲ್ ಬಗೆಯ ಯಂತ್ರದಲ್ಲಿ ಯಾವ ಕರ್ನಲ್ ಎದ್ದರೂ ಆ ಹಳೆಯ ಜಾಗವನ್ನು ಒಮ್ಮೆ ತುಳಿಯಲೇಬೇಕು. ಅದೂ ಆದ ಮೇಲೆ ಹೊಸ ಕರ್ನಲ್ ಕಣ್ಣು ಬಿಡುತ್ತದೆ. ಸತ್ತವನ ಇಡೀ ಮೆಮೊರಿ ಅದಕ್ಕೆ ‘ಪ್ರಾಕ್’ ಕಡತವ್ಯವಸ್ಥೆಯಲ್ಲಿ ವಿಎಂಕೋರ್ ಎಂಬ ಒಂದು ಕಡತದಂತೆ ಕಾಣುತ್ತದೆ. ನಕಲು ಮಾಡಿ ಡಿಸ್ಕಿಗೆ ಹಾಕಿ ರೀಬೂಟ್ ಮಾಡಿದರೆ ಮಹಜರು ಮುಗಿಯಿತು.

ಆದರೆ ಡಿಸ್ಕಿಗೆ ಹಾಕಬೇಕಾದರೆ ಡಿಸ್ಕ್ ಬೇಕು. ಅಂದರೆ ಬೇಲಿಯಿಂದ ಹೊರಗೆ ಕೈ ಚಾಚಬೇಕು.

ತಂಡಕ್ಕೆ ನಿಜವಾದ ಕಷ್ಟ ಕಾದಿದ್ದು ಇಲ್ಲಿ. ಬಾಗಿಲ ಗಂಟೆಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಸಾಧನಗಳು ಪ್ರೊಸೆಸರ್‌ನ ಗಮನ ಸೆಳೆಯಲು ಇಂಟರಪ್ಟ್ ಎಂಬ ಗಂಟೆ ಒತ್ತುತ್ತವೆ. ಆ ಕಾಲದ ಯಂತ್ರಗಳಲ್ಲಿ ಎರಡು ಮೂರು ಸಾಧನಗಳು ಒಂದೇ ಗಂಟೆಯ ತಂತಿಯನ್ನು ಹಂಚಿಕೊಳ್ಳುತ್ತಿದ್ದವು. ಹಳೆಯ ಕರ್ನಲ್ ಸಾಯುವಾಗ ನೆಟ್‌ವರ್ಕ್ ಕಾರ್ಡ್ ಗಂಟೆ ಒತ್ತಿ ಹಿಡಿದಿತ್ತು ಎನ್ನೋಣ. ಹೊಸ ಕರ್ನಲ್‌ನಲ್ಲಿ ಡಿಸ್ಕ್ ಡ್ರೈವರ್ ಮೊದಲು ಎದ್ದು ಅದೇ ತಂತಿಗೆ ಕಿವಿಗೊಟ್ಟಿತು. ಗಂಟೆ ಬಾರಿಸುತ್ತಲೇ ಇದೆ. ಇದು ನನ್ನದಲ್ಲ ಎನ್ನುತ್ತದೆ ಡಿಸ್ಕ್ ಡ್ರೈವರ್. ನೆಟ್‌ವರ್ಕ್ ಡ್ರೈವರ್ ಇನ್ನೂ ಬಂದೇ ಇಲ್ಲ. ಕರ್ನಲ್ ಲೆಕ್ಕ ಇಡುತ್ತದೆ: ಒಂದು ಲಕ್ಷ ಸಲ ಬಾರಿಸಿದ್ದರಲ್ಲಿ 99,900ಕ್ಕಿಂತ ಹೆಚ್ಚು ಸಲ ಯಾರೂ ಓಗೊಡದಿದ್ದರೆ ಆ ತಂತಿಯನ್ನೇ ಕಿತ್ತುಹಾಕುತ್ತದೆ. ಪರದೆಯ ಮೇಲೆ ‘ನೋಬಡಿ ಕೇರ್ಡ್’ ಎಂದು ಬರೆಯುತ್ತದೆ. ಯಾರೂ ಕೇಳಲಿಲ್ಲ! ತಂತಿ ಹೋದ ಮೇಲೆ ಡಿಸ್ಕಿನ ಗಂಟೆಯೂ ಕೇಳುವುದಿಲ್ಲ. ಮಹಜರು ಬರೆಯಲು ಬಂದವನು ಲೇಖನಿ ಸಿಗದೆ ಕೂರುತ್ತಾನೆ. 2005ರಲ್ಲಿ ಅಲನ್ ಕಾಕ್ಸ್ ಬರೆದ ‘ಐಆರ್‌ಕ್ಯೂಪೋಲ್’ ಆಯ್ಕೆ ಇದಕ್ಕೆ ಮದ್ದಾಯಿತು. ಗಂಟೆ ಯಾರದೆಂದು ತಿಳಿಯದಿದ್ದರೆ ಮನೆಮನೆಗೂ ಹೋಗಿ ನಿಮ್ಮದೇನು ಎಂದು ಕೇಳುವ ಉಪಾಯ ಅದು. ಕೆಡಂಪ್ ಬಳಸುವವರ ಬೂಟ್ ಸಾಲಿನಲ್ಲಿ ಅದು ಖಾಯಂ ಸದಸ್ಯನಾಯಿತು.

ಇನ್ನೂ ಕೆಟ್ಟದ್ದು, ತಡವಾಗಿ ಬರುವ ಉತ್ತರಗಳು. ಹಳೆಯ ಕರ್ನಲ್ ಡಿಸ್ಕ್ ಕಂಟ್ರೋಲರ್‌ಗೆ ಕೊಟ್ಟಿದ್ದ ಕೆಲಸವನ್ನು ಅದು ಪಾಪ ನಿಷ್ಠೆಯಿಂದ ಮುಗಿಸಿ, ಆಯಿತು ಸ್ವಾಮಿ ಎಂದು ವರದಿ ಒಪ್ಪಿಸುತ್ತದೆ. ಹೊಸ ಡ್ರೈವರ್ ಅಂಥ ಆದೇಶವನ್ನೇ ಕೊಟ್ಟಿಲ್ಲ. ತನ್ನ ಪಟ್ಟಿಯಲ್ಲಿಲ್ಲದ ವರದಿ ಬಂದರೆ ಏನೋ ಭಾರೀ ಅನಾಹುತವಾಗಿದೆ ಎಂದು ಅದು ಕೈಚೆಲ್ಲುತ್ತದೆ. ಒಂದೊಂದು ಕಾರ್ಡಿನದೂ ಒಂದೊಂದು ರಾಮಾಯಣ. 2006ರಲ್ಲಿ ಗೋಯಲ್ ಒಂದು ಹೊಸ ಬೂಟ್ ಆಯ್ಕೆ ತಂದರು, ‘ರಿಸೆಟ್_ಡಿವೈಸಸ್’. ಅದರ ಅರ್ಥ, ಡ್ರೈವರ್‌ಗಳೇ, ಸಾಧನ ಶುದ್ಧವಾಗಿದೆ ಎಂದು ನಂಬಬೇಡಿ, ಮೊದಲು ರಿಸೆಟ್ ಮಾಡಿ, ಆಮೇಲೆ ಮಾತಾಡಿಸಿ. ಹಾಗಿದ್ದರೆ ಯಾವಾಗಲೂ ರಿಸೆಟ್ ಮಾಡಬಾರದೇ ಎಂದರೆ, ಕೆಲವು ಕಾರ್ಡುಗಳಿಗೆ ರಿಸೆಟ್ ಆಗಲು ಹಲವು ಸೆಕೆಂಡು ಬೇಕು. ದಿನನಿತ್ಯದ ಬೂಟ್‌ನಲ್ಲಿ ಆ ವಿಳಂಬವನ್ನು ಯಾರೂ ಸಹಿಸುವುದಿಲ್ಲ. ಆಯ್ಕೆಯನ್ನು ಕರ್ನಲ್ ಕೊಟ್ಟಿತು ನಿಜ, ಪಾಲಿಸುವುದು ಆಯಾ ಡ್ರೈವರ್ ಬರೆದವರಿಗೆ ಬಿಟ್ಟದ್ದು. ಈ ಹಂಚಿಕೆ ನ್ಯಾಯವಾದದ್ದೇ, ಆದರೆ ಅದರಿಂದಾಗಿ ಕೆಲಸ ವರ್ಷಗಟ್ಟಲೆ ಎಳೆಯಿತು.

ಎಚ್‌ಪಿಯ ಸ್ಮಾರ್ಟ್ ಅರೇ ಎಂಬ ಡಿಸ್ಕ್ ಕಂಟ್ರೋಲರ್‌ಗಳ ಡ್ರೈವರ್ ಹಿಡಿದ ದಾರಿ ನೋಡಲು ಚೆನ್ನ. ಪಿಸಿಐ ಸಾಧನಗಳಿಗೆ ವಿದ್ಯುತ್ ಉಳಿಸಲು ಡಿ0ಯಿಂದ ಡಿ3ರ ತನಕ ಮಟ್ಟಗಳಿವೆ. ಡಿ0 ಎಂದರೆ ಪೂರ್ತಿ ಎಚ್ಚರ, ಡಿ3 ಎಂದರೆ ನಿದ್ದೆ. ಕಂಟ್ರೋಲರ್ ಅನ್ನು ಡಿ3ಕ್ಕೆ ತಳ್ಳಿ, ತುಸು ಕಾದು, ಮತ್ತೆ ಡಿ0ಗೆ ಎಳೆದರೆ ಅದರೊಳಗೆ ಒಂದು ರಿಸೆಟ್ ನಡೆಯುತ್ತದೆ. ಉಳಿತಾಯಕ್ಕೆಂದು ಮಾಡಿದ ಸ್ವಿಚ್ಚನ್ನು ಮರೆವಿಗೆ ಬಳಸಿಕೊಂಡದ್ದು! ಪವರ್‌ಕಟ್ ಆಗಿ ಬಂದ ಮೇಲೆ ಹಠ ಬಿಡುವ ಟಿವಿ ಸೆಟ್‌ಟಾಪ್ ಬಾಕ್ಸುಗಳನ್ನು ಕಂಡವರಿಗೆ ಈ ಚಿಕಿತ್ಸೆ ಹೊಸದಲ್ಲ.

ಅಷ್ಟರಲ್ಲಿ ಕೆಡಂಪ್ ಊರು ಸೇರಿತ್ತು. 2006ರ ಸೂಸೆ ಎಂಟರ್‌ಪ್ರೈಸ್ 10, 2007ರ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ 5 ಎರಡೂ ಲಿನಕ್ಸ್ ವಿತರಣೆಗಳು ಅದನ್ನು ಒಳಗೊಂಡವು. ಡಂಪ್‌ನಿಂದ ಖಾಲಿ ಪುಟಗಳನ್ನು ಸೋಸಿ ಚಿಕ್ಕದು ಮಾಡುವ ಮೇಕ್‌ಡಂಪ್‌ಫೈಲ್ ಜಪಾನಿನ ಎನ್‌ಇಸಿಯಿಂದ ಬಂತು. ಎರಡನೆಯ ಕರ್ನಲ್‌ಗೆ ಒಂದೇ ಪ್ರೊಸೆಸರ್ ಎಂಬ ನಿರ್ಬಂಧ ಮಾತ್ರ ಬಹುಕಾಲ ಉಳಿಯಿತು. ಕಾರಣ ಸ್ವಾರಸ್ಯದ್ದು. ಕುಸಿತ ಯಾವ ಪ್ರೊಸೆಸರ್‌ನಲ್ಲಾಯಿತೋ ಅದರಲ್ಲೇ ಹೊಸ ಕರ್ನಲ್ ಏಳುತ್ತದೆ. ಯಂತ್ರವನ್ನು ಮೂಲತಃ ಬೂಟ್ ಮಾಡಿದ ಪ್ರೊಸೆಸರ್ ಬೇರೆಯೇ ಆಗಿದ್ದು, ಅದನ್ನು ಎಬ್ಬಿಸಲು ಮಾಮೂಲಿ ಸಂಕೇತ ಕಳಿಸಿದರೆ ಅದು ನೇರ ಬಯೋಸ್‌ಗೆ ಹಾರಿ ಇಡೀ ಯಂತ್ರವನ್ನು ಹೊಸದಾಗಿ ಬೂಟ್ ಮಾಡಿಬಿಡುತ್ತದೆ. ಪ್ರೊಸೆಸರ್‌ಗೂ ತಾನು ಯಜಮಾನನೆಂಬ ಹಳೆಯ ಸ್ಥಿತಿ ಮರೆಯುವುದಿಲ್ಲ. 2014ರಲ್ಲಿ ಫುಜಿತ್ಸುವಿನ ಹತಾಯಾಮ ದಾಯ್ಸುಕೆ ಕೊಟ್ಟ ಪರಿಹಾರ, ಆ ಒಬ್ಬನನ್ನು ಬಿಟ್ಟು ಉಳಿದವರನ್ನು ಎಬ್ಬಿಸುವುದು.

ಬೇಲಿಯ ತರ್ಕಕ್ಕೇ ಪೆಟ್ಟು ಬಿದ್ದದ್ದು ಐಒಎಂಎಂಯು ಬಂದಾಗ. ಸಾಧನಗಳು ಬರೆಯುವ ವಿಳಾಸಗಳನ್ನು ನಡುವೆ ನಿಂತು ಅನುವಾದಿಸುವ ಯಂತ್ರಾಂಶ ಅದು, ಕಾವಲುಗಾರನೂ ಹೌದು. ಹೊಸ ಕರ್ನಲ್ ಎದ್ದಾಗ ಮಾಮೂಲಿನಂತೆ ಆ ಅನುವಾದದ ಪಟ್ಟಿಯನ್ನು ಅಳಿಸಿ ಹೊಸದು ಬರೆಯುತ್ತಿತ್ತು. ಹಳೆಯ ಡಿಎಂಎ ಇನ್ನೂ ನಡೆಯುತ್ತಿದೆ ಎಂಬುದು ನೆನಪಿದೆಯಲ್ಲ? ಪಟ್ಟಿ ಹೋದದ್ದೇ ತಡ, ಸಾಧನಗಳ ಬರಹವೆಲ್ಲ ದೋಷಗಳ ಮಳೆಯಾಯಿತು. ಕೆಲವು ಸಾಧನಗಳಂತೂ ಆ ಪೆಟ್ಟಿನಿಂದ ಮತ್ತೆ ಏಳಲೇ ಇಲ್ಲ. ಬೂಟ್‌ನ ತೀರಾ ಆರಂಭದಲ್ಲೇ ಎಲ್ಲ ಪಿಸಿಐ ಎಕ್ಸ್‌ಪ್ರೆಸ್ ಸಾಧನಗಳಿಗೂ ರಿಸೆಟ್ ಕೊಟ್ಟುಬಿಡೋಣ ಎಂದು ಫುಜಿತ್ಸುವಿನ ತಕಾವೊ ಇಂದೋ ಪ್ಯಾಚ್ ಬರೆದರು. ಪರದೆ ಕಪ್ಪಾಗಬಾರದೆಂದು ಗ್ರಾಫಿಕ್ಸ್ ಕಾರ್ಡನ್ನು ಅದರಿಂದ ಹೊರಗಿಡಬೇಕಾಯಿತು. ಆ ಪ್ಯಾಚ್ ಮುಖ್ಯ ಕರ್ನಲ್‌ಗೆ ಸೇರಲಿಲ್ಲ. ಕೊನೆಗೆ ಇಂಟೆಲ್ ಯಂತ್ರಗಳಿಗೆ 2015ರ 4.2 ಆವೃತ್ತಿಯಲ್ಲಿ ನಿಂತ ಪರಿಹಾರ ಯೋರ್ಗ್ ರೋಡೆಲ್ ಅವರದು: ಸತ್ತವನ ಪಟ್ಟಿಯನ್ನು ಅಳಿಸಬೇಡಿ, ನಕಲು ಮಾಡಿಕೊಂಡು ಮುಂದುವರಿಸಿ. ಆಯಾ ಸಾಧನದ ಡ್ರೈವರ್ ಬಂದು ಅಧಿಕಾರ ವಹಿಸಿಕೊಳ್ಳುವ ತನಕ ಹಳೆಯ ವಿಳಾಸವೇ ಇರಲಿ. ಅದಕ್ಕೂ ಹತ್ತು ವರ್ಷ ಹಿಂದೆ ಬೇಲಿ ಹಾಕಿದವರ ವಾದವನ್ನೇ ಇದು ಇನ್ನೊಂದು ಮಟ್ಟದಲ್ಲಿ ಹೇಳುತ್ತದೆ.

ಇದೆಲ್ಲ ಕುಸಿದ ಸರ್ವರ್‌ಗಳ ಕಾಯಿಲೆ, ಗುಂಡಿ ಒತ್ತಿ ಆನ್ ಮಾಡಿದ ಮನೆ ಕಂಪ್ಯೂಟರ್‌ಗೆ ಏನು ಎಂದು ಕೇಳುವವರಿಗೆ 2016ರಲ್ಲಿ ಉತ್ತರ ಸಿಕ್ಕಿತು. ಆಪಲ್‌ನ 2011, 2012ರ ಮ್ಯಾಕ್‌ಗಳ ಫರ್ಮ್‌ವೇರ್ ಪ್ರತಿ ಬೂಟ್‌ನಲ್ಲೂ ಬ್ರಾಡ್‌ಕಾಮ್‌ನ ವೈಫೈ ಕಾರ್ಡನ್ನು ಎಬ್ಬಿಸುತ್ತಿತ್ತು. ಇಂಟರ್ನೆಟ್‌ನಿಂದ ಆಪರೇಟಿಂಗ್ ಸಿಸ್ಟಮ್ ಇಳಿಸಿಕೊಳ್ಳುವ ಅನುಕೂಲಕ್ಕೆ ಆ ವ್ಯವಸ್ಥೆ. ಯಂತ್ರವನ್ನು ಲಿನಕ್ಸ್ ಕೈಗೊಪ್ಪಿಸುವಾಗ ಅದನ್ನು ಆಫ್ ಮಾಡುವುದನ್ನು ಮರೆತಿತ್ತು. ಕಾರ್ಡ್ ಗಾಳಿಯಲ್ಲಿ ಬಂದ ಪ್ಯಾಕೆಟ್‌ಗಳನ್ನು ಹೊಸ ಕರ್ನಲ್‌ನ ಮೆಮೊರಿಗೆ ಸುರಿಯುತ್ತಾ, ಗಂಟೆಯನ್ನೂ ಒತ್ತಿ ಹಿಡಿದಿತ್ತು. ಹಾದಿಯಲ್ಲಿ ಹೋಗುವ ಯಾರೋ ಕಳಿಸಿದ ಪ್ಯಾಕೆಟ್ ಕರ್ನಲ್‌ನ ಮೆಮೊರಿಯಲ್ಲಿ! ಲೂಕಾಸ್ ವುನರ್ ಇದಕ್ಕೆ ಮದ್ದಾಗಿ, ಡ್ರೈವರ್‌ಗಳ ಸರದಿ ಬರುವುದಕ್ಕೂ ಬಹಳ ಮುಂಚೆ, ಬೂಟ್‌ನ ಮೊದಮೊದಲ ಹಂತದಲ್ಲೇ ಆ ಕಾರ್ಡನ್ನು ರಿಸೆಟ್ ಮಾಡುವ ಕೋಡ್ ಸೇರಿಸಿದರು. ಮರ್ಯಾದಸ್ಥ ಬಾಡಿಗೆದಾರನೆಂದು ನಂಬಿದ್ದ ಫರ್ಮ್‌ವೇರ್ ಕೂಡ ಒಲೆ ಆರಿಸದೆ ಹೋಗಿತ್ತು.

ಈಗ ಗಾಳಿ ಬೇರೆ ದಿಕ್ಕಿಗೂ ಬೀಸುತ್ತಿದೆ. ನೂರಾರು ಗಿರಾಕಿಗಳ ವರ್ಚುವಲ್ ಯಂತ್ರಗಳನ್ನು ಹೊತ್ತ ಕ್ಲೌಡ್ ಸರ್ವರ್‌ನ ಕರ್ನಲ್ ಬದಲಿಸಬೇಕು, ಆದರೆ ಯಾರ ಕೆಲಸವೂ ನಿಲ್ಲಬಾರದು ಎಂಬುದು ಇಂದಿನ ಬೇಡಿಕೆ. 2025ರ 6.16 ಆವೃತ್ತಿಯಲ್ಲಿ ಕೆಎಕ್ಸೆಕ್ ಹ್ಯಾಂಡೋವರ್ ಎಂಬ ವ್ಯವಸ್ಥೆ ಬಂತು. ಹೋಗುವ ಕರ್ನಲ್ ಯಾವ ಮೆಮೊರಿಯಲ್ಲಿ ಏನಿದೆ ಎಂಬ ಪಟ್ಟಿಯನ್ನು ಬರುವ ಕರ್ನಲ್‌ಗೆ ಬರೆದುಕೊಟ್ಟು ಹೋಗುತ್ತದೆ. ಓಡುತ್ತಿರುವ ಸಾಧನ ಓಡುತ್ತಲೇ ಇರಲಿ, ಹಿಡಿತ ಮಾತ್ರ ಕೈ ಬದಲಿಸಲಿ ಎಂಬುದು ಇದರ ಮುಂದಿನ ಗುರಿ. ಒಂದು ಕಾಲದಲ್ಲಿ ಪಿಡುಗಾಗಿದ್ದ ‘ನಿಲ್ಲದ ಡಿಎಂಎ’ ಇಲ್ಲಿ ಬೇಕೆಂದೇ ಉಳಿಸಿಕೊಳ್ಳುವ ವಸ್ತು.

ಸಿದ್ಧಾರ್ಥನಗರದ ಮನೆಯೊಂದರ ಮೇಜಿನ ಮೇಲಿನ ಲ್ಯಾಪ್‌ಟಾಪ್‌ಗೂ ಬೆಂಗಳೂರಿನ ಆ ಕೆಲಸ ಬಂದು ಸೇರಿದೆ. 2024ರ ಅಕ್ಟೋಬರಿನ ಉಬುಂಟು 24.10ರಿಂದ, ಸಾಕಷ್ಟು ಪ್ರೊಸೆಸರ್ ಮತ್ತು ಮೆಮೊರಿ ಇರುವ ಯಂತ್ರಗಳಲ್ಲಿ ಕೆಡಂಪ್ ತಾನಾಗಿಯೇ ಚಾಲ್ತಿಯಾಗುತ್ತದೆ. ಟರ್ಮಿನಲ್ ತೆರೆದು ‘ಪ್ರಾಕ್’ ಒಳಗಿನ ಐಒಮೆಮ್ ಕಡತವನ್ನು ಅಡ್ಮಿನ್ ಅಧಿಕಾರದಿಂದ ಓದಿದರೆ, ‘ಸಿಸ್ಟಮ್ ರ್‍ಯಾಮ್’ ಎಂಬ ಉದ್ದ ಸಾಲುಗಳ ಕೆಳಗೆ ತುಸು ಒಳಸರಿದು ‘ಕ್ರ್ಯಾಶ್ ಕರ್ನಲ್’ ಎಂಬ ಒಂದು ಸಾಲು ಇರುತ್ತದೆ. ಎಡಕ್ಕೆ ಅದರ ಆರಂಭದ ವಿಳಾಸ, ಪಕ್ಕದಲ್ಲಿ ಕೊನೆಯ ವಿಳಾಸ. ‘ಸಿಸ್’ ಒಳಗಿನ ‘ಕೆಎಕ್ಸೆಕ್_ಕ್ರ್ಯಾಶ್_ಲೋಡೆಡ್’ ಕಡತದಲ್ಲಿ ಒಂದೇ ಒಂದು ಅಂಕಿ: 1. ಅಂದರೆ ಬೇಲಿಯೊಳಗೆ ಎರಡನೆಯ ಕರ್ನಲ್ ಬಂದು ಮಲಗಿದೆ.